ಹೊಂಡದಿಂದ ಹೊಂಡಕ್ಕೆ

ಚಿತ್ರದುರ್ಗದ ಕೋಟೆಯನ್ನು ನೋಡಲು ಹೋದವರು ಓಬವ್ವನ ಕಿಂಡಿಯ ಬಳಿ ಒಂದು ಗಳಿಗೆ ನಿಂತು, ಏಕನಾಥೇಶ್ವರಿಗೆ ಕೈಮುಗಿದು ಹಿಂದಿರುಗುವುದು ವಾಡಿಕೆ. ಗೋಪಾಲಸ್ವಾಮಿ ಹೊಂಡದ ದಡದಲ್ಲಿ ಕುಳಿತು, ಅದು ತುಂಬಿದ ಮೇಲೆ ನೀರು ಎಲ್ಲಿಗೆ ಹೋಗುತ್ತದೆಂದು ಯೋಚಿಸುವವರು ಕಡಮೆ. ಅಲ್ಲಿ ಹೆಚ್ಚಾದ ನೀರು ಅಕ್ಕ-ತಂಗಿಯರ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಸಿಹಿನೀರು ಹೊಂಡಕ್ಕೆ. ಕಟ್ಟಕಡೆಗೆ ಊರೊಳಗಣ ಸಂತೆಹೊಂಡಕ್ಕೆ. ಮಳೆ ಕಡಮೆಯಾದ ನಾಡಿನಲ್ಲಿ ಹಿಂದಿನವರು ಕಟ್ಟಿಕೊಂಡ ಏರ್ಪಾಡು ಇದು. ಮೇಲಣ ಹೊಂಡದ ಅಗತ್ಯ ತೀರಿದ ಮೇಲೆಯೇ ಕೆಳಗಣದರ ಸರದಿ. ಸಂತೆಯ ಸರದಿ ಎಲ್ಲಕ್ಕಿಂತ ಕಡೆಗೆ.

ಸಂಸಾರದ ಹಣಕ್ಕೂ ಈ ಸೂತ್ರ ಸಲ್ಲುತ್ತದೆ. ಆದರೆ ಎಷ್ಟೋ ಮನೆಗಳಲ್ಲಿ ನಡೆಯುವುದು ಇದರ ತಿರುವುಮುರುವು. ಮೊದಲು ಸಂತೆಹೊಂಡ ತುಂಬುತ್ತದೆ. ಮೇಲಣ ಹೊಂಡಗಳಲ್ಲಿ ಕೆಸರು ಕಾಣತೊಡಗಿದಾಗ ಗೃಹಸ್ಥನಿಗೆ ರಾತ್ರಿ ನಿದ್ರೆ ಬಾರದು.

ಈ ಜಿಲ್ಲೆಯಲ್ಲಿ ಹಣದ ಚಿಂತೆ ರೈತನೊಬ್ಬನದೇ ಅಲ್ಲ. ಹೊಸದುರ್ಗದ ಕಡೆ ಸಾವೆ, ರಾಗಿ ಕೈಕೊಟ್ಟರೆ ಪೇಟೆಯ ಅಂಗಡಿಯಲ್ಲಿ ಗಿರಾಕಿಯಿಲ್ಲ. ಹೊಳಲ್ಕೆರೆಯಲ್ಲಿ ಅಡಕೆಯ ಧಾರಣೆ ಕುಸಿದರೆ ಜವಳಿಯವನ ಉದ್ರಿ ಪುಸ್ತಕ ದಪ್ಪವಾಗುತ್ತದೆ. ಹಿರಿಯೂರಿನವರಿಗೆ ಮಾರಿಕಣಿವೆಯ ನೀರಿನ ಮಟ್ಟ ಮನೆಯ ಸುದ್ದಿಯಷ್ಟೇ ಹತ್ತಿರದ್ದು. ಮುಗಿಲನ್ನು ನೋಡಿ ಬದುಕುವ ಸೀಮೆಯಲ್ಲಿ ಸಂಬಳದವರನ್ನು ಬಿಟ್ಟರೆ ತಿಂಗಳ ವರಮಾನ ಇಷ್ಟೇ ಎಂದು ಹೇಳಬಲ್ಲವರು ವಿರಳ.

ಹೊಳಲ್ಕೆರೆಯಲ್ಲಿ ಇಂಥದೊಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಯಜಮಾನನದು ಸಣ್ಣ ಜವಳಿ ಅಂಗಡಿ. ಮಗಳು ದುರ್ಗದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಾಳೆ, ಮಗ ಹೈಸ್ಕೂಲಿನಲ್ಲಿದ್ದಾನೆ, ಮುದುಕಿ ತಾಯಿಗೆ ಸಕ್ಕರೆ ಕಾಯಿಲೆ. ತಾಯಿಯ ಆಸ್ಪತ್ರೆಯ ಖರ್ಚಿಗೆಂದು ಆತ ಪರಿಚಯದವರೊಬ್ಬರಿಂದ ನೂರಕ್ಕೆ ಮೂರರ ಬಡ್ಡಿಗೆ 50,000 ರೂಪಾಯಿ ತಂದಿದ್ದಾನೆ. ಹೆಂಡತಿಗೆ ಹೇಳಿಲ್ಲ. ಹೇಳಿದರೆ ನೊಂದಾಳೆಂಬುದು ನೆಪ. ತನ್ನ ಮಾನ ಹೋದೀತೆಂಬುದು ನಿಜ. ಅತ್ತ ಆಕೆಯೂ ನೆರೆಮನೆಯವರ ಚೀಟಿಯೊಂದರಲ್ಲಿ ತಿಂಗಳಿಗೆ ಸಾವಿರ ಕಟ್ಟುತ್ತಿದ್ದಾಳೆ, ಆತನಿಗೆ ತಿಳಿಸಿಲ್ಲ. ಕಾಲೇಜಿನ ಶುಲ್ಕದ ದಿನ ಹತ್ತಿರವಾದಾಗ ಮನೆಯಲ್ಲಿ ಮಾತು ಕಡಮೆಯಾಗಿ, ಪಾತ್ರೆಗಳ ಸದ್ದು ಹೆಚ್ಚಾಗುತ್ತದೆ. ಒಂದು ರಾತ್ರಿ ಮಗಳೇ ಕೇಳುತ್ತಾಳೆ: “ಅಪ್ಪಾಜಿ, ನಾನು ಈ ವರ್ಷ ಕಾಲೇಜು ಬಿಡಲಾ?”

ಆ ಪ್ರಶ್ನೆ ಬಂದ ಮೇಲೆ ಮುಚ್ಚಿಡುವುದಕ್ಕೆ ಏನೂ ಉಳಿಯುವುದಿಲ್ಲ. ಹಾಳೆಯೊಂದನ್ನು ತೆಗೆದು ಲೆಕ್ಕ ಬರೆಯುವುದು ಅಂದಿನಿಂದ ಮೊದಲಾಗಬೇಕು.

ಆ ಹಾಳೆ ಹೇಳುವುದು ಕಹಿಯಾದರೂ ಉಪಯುಕ್ತ. ನೂರಕ್ಕೆ ಮೂರು ಎಂಬುದು ಕಿವಿಗೆ ಚಿಕ್ಕದು. ವರ್ಷಕ್ಕೆ ಅದು ನೂರಕ್ಕೆ 36. 50,000ಕ್ಕೆ ತಿಂಗಳ ಬಡ್ಡಿ 1,500, ವರ್ಷಕ್ಕೆ 18,000. ಮೂವತ್ತನಾಲ್ಕು ತಿಂಗಳಲ್ಲಿ ಬಡ್ಡಿಯೇ 51,000 ಆಗಿ ಅಸಲನ್ನು ಮೀರುತ್ತದೆ. ಅಸಲು ಇದ್ದಲ್ಲೇ ಇರುತ್ತದೆ. ಅದೇ ಮೊತ್ತ ವರ್ಷಕ್ಕೆ ನೂರಕ್ಕೆ 12ರ ಬಡ್ಡಿಗೆ ದೊರೆತರೆ ವರ್ಷದ ಬಡ್ಡಿ 6,000.

“ಇಷ್ಟು ದಿನ ಒಬ್ಬರೇ ಹೊತ್ತುಕೊಂಡಿದ್ದಿರಾ? ನನ್ನ ಎರಡು ಬಳೆ ಬ್ಯಾಂಕಿನಲ್ಲಿಟ್ಟು ಆ ಬಡ್ಡಿಯವರ ಬಾಗಿಲು ಮುಚ್ಚಿರಿ,” ಎಂದು ಹೆಂಡತಿ ಅಂದಾಳು. ಒಡವೆ ಅಡವಿಡುವುದು ಸಂತೋಷದ ಸಂಗತಿಯಲ್ಲ. ಆದರೆ ಉಳಿದ 12,000ವನ್ನು ಅಸಲಿಗೆ ಕಟ್ಟುವ ಶಿಸ್ತಿದ್ದರೆ ಬಳೆ ಮನೆಗೆ ಹಿಂದಿರುಗುವ ದಿನವನ್ನು ಲೆಕ್ಕಹಾಕಿ ಹೇಳಬಹುದು. ಗುಟ್ಟಿನ ಸಾಲಕ್ಕೆ ಅಂಥ ದಿನವಿಲ್ಲ.

ಆಕೆಯ ಚೀಟಿಯ ಮಾತೂ ಅಂದೇ ಹೊರಬೀಳುವುದು ಒಳ್ಳೆಯದು. ಚೀಟಿ ಕೆಟ್ಟದ್ದಲ್ಲ, ಬಡವರಿಗೂ ಮಧ್ಯಮ ವರ್ಗದವರಿಗೂ ಅದು ಬಹುಕಾಲದಿಂದ ಆಸರೆ. ಆದರೆ 1982ರ ಕೇಂದ್ರ ಕಾಯಿದೆಯ ಪ್ರಕಾರ ಚೀಟಿ ನಡೆಸುವವರು ಅದನ್ನು ನೋಂದಾಯಿಸಬೇಕು. ನೋಂದಣಿಯಿಲ್ಲದ ಚೀಟಿ ಮುಳುಗಿದರೆ ಹಣ ವಸೂಲಿ ಬಹಳ ಕಷ್ಟ. ಸಲಿಗೆಯ ನೆರೆಯವರನ್ನು ಕಾಗದ ಕೇಳಲು ನಾಚಿಕೆಯಾದೀತು. ಮುಂದೆ ಅಳುವುದಕ್ಕಿಂತ ಈಗ ನಾಚುವುದು ಲೇಸು.

ಲೆಕ್ಕದ ಹಾಳೆಯಲ್ಲಿ ಇನ್ನೊಂದು ಅಚ್ಚರಿಯೂ ಕಾದಿರುತ್ತದೆ. 2016ರಲ್ಲಿ ಯುಪಿಐ ಬಂದ ಮೇಲೆ ಕೈಯಿಂದ ನೋಟು ಜಾರುವುದು ಕಾಣುವುದಿಲ್ಲ. ಫೋನಿನ ಪಟ್ಟಿಯನ್ನು ತಿಂಗಳ ಕೊನೆಗೆ ಹಾಳೆಗೆ ಇಳಿಸಿದಾಗ, ಸಂಜೆ ಸಂಜೆಗೆ ಬೇಕರಿಗೆ ಹೋದ ನಲವತ್ತು ನಲವತ್ತು ರೂಪಾಯಿ ಸೇರಿ 1,200 ಆಗಿರುವುದು ತಿಳಿಯುತ್ತದೆ. ಯಾರೂ ದುಂದು ಮಾಡಿಲ್ಲ, ಆದರೂ ದುಂದಾಗಿದೆ.

ಇನ್ನು ಹೊಂಡಗಳ ಕ್ರಮ. ದಿನಸಿ, ಬಾಡಿಗೆ, ದೀಪದ ಬಿಲ್ಲು, ಔಷಧ, ಶಾಲೆಯ ಶುಲ್ಕ, ಸಾಲದ ಕಂತು ಮೊದಲನೆಯ ಹೊಂಡ. ಕಾಯಿಲೆ-ಕಸಾಲೆಗೆಂದು ಮುಟ್ಟದೆ ಇಡುವ ಹಣ ಎರಡನೆಯದು. ಮೂರು ತಿಂಗಳ ಖರ್ಚಿನಷ್ಟು ಅಲ್ಲಿ ಸೇರುವವರೆಗೆ ಸಮಾಧಾನ ಬೇಡ. ಮಕ್ಕಳ ಮುಂದಿನ ಓದು, ಮದುವೆ ಮೂರನೆಯದು. ಸೀರೆ, ಸಿನಿಮಾ, ಹೋಟೆಲು, ಬೇಕರಿ ಕಡೆಯ ಸಂತೆಹೊಂಡ. ಸುಗ್ಗಿಯಲ್ಲಿ ವ್ಯಾಪಾರ ಕುದುರಿದ ತಿಂಗಳಲ್ಲಿಯೇ ಈ ಕ್ರಮವನ್ನು ಬಿಡದೆ ಪಾಲಿಸಬೇಕು. ಬರದ ತಿಂಗಳಲ್ಲಿ ಪಾಲಿಸುವುದಕ್ಕೆ ಏನಿರುತ್ತದೆ?

ಆದರೆ ಸಂತೆಹೊಂಡ ಪೂರ್ತಿ ಬತ್ತಿದ ಮನೆಯಲ್ಲಿ ಮಕ್ಕಳ ಮುಖ ಬಾಡುತ್ತದೆ. ಬೇಕರಿಯ ದಾರಿ ಮುಚ್ಚಿದ ತಾಯಿ ಬೇರೊಂದು ಬಾಗಿಲು ತೆರೆಯಬೇಕಾಗುತ್ತದೆ. ಅದಕ್ಕೆ ಬೇಕಾದ ಸಾಮಾನು ಈ ಸೀಮೆಯಲ್ಲಿಯೇ ಬೆಳೆಯುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಕ್ಕಿ ಈ ವಿಷಯದಲ್ಲಿ ಅದರ ಹತ್ತಿರಕ್ಕೂ ಬಾರದು. ಮೈದಾದಲ್ಲಿ ಕಡಮೆಯಿರುವ ನಾರು ರಾಗಿಯಲ್ಲಿ ಧಾರಾಳವಾಗಿದೆ.

ರಾಗಿ ಬಿಸ್ಕತ್ತಿಗೆ ಒಲೆಯಂತ್ರ ಬೇಕಿಲ್ಲ. ಒಂದು ಲೋಟ ರಾಗಿಹಿಟ್ಟನ್ನು ಹಸಿವಾಸನೆ ಹೋಗುವಂತೆ ಹುರಿದು ಆರಿಸಬೇಕು. ರಾಗಿಗೆ ಗೋಧಿಯ ಅಂಟಿಲ್ಲವಾದ್ದರಿಂದ, ಬಿಸ್ಕತ್ತು ಪುಡಿಯಾಗದಿರಲು ಒಂದು ಲೋಟ ಗೋಧಿಹಿಟ್ಟನ್ನು ಸೇರಿಸಬೇಕು. ಮುಕ್ಕಾಲು ಲೋಟ ಬೆಲ್ಲದ ಪುಡಿ, ಅರ್ಧ ಲೋಟ ತುಪ್ಪ, ಅರ್ಧ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, ಏಲಕ್ಕಿ, ತರಿಯಾಗಿ ಕುಟ್ಟಿದ ಹುರಿದ ಶೇಂಗಾ ಒಂದು ಹಿಡಿ ಹಾಕಿ, ಹಾಲು ಚಿಮುಕಿಸುತ್ತ ಗಟ್ಟಿಯಾಗಿ ಕಲಸಿ, ಬಿಲ್ಲೆ ತಟ್ಟಿ, ತುಪ್ಪ ಸವರಿದ ತಟ್ಟೆಯಲ್ಲಿ ಜೋಡಿಸಬೇಕು. ದಪ್ಪ ತಳದ ಹಳೆಯ ಪಾತ್ರೆಯಲ್ಲಿ ಒಂದಂಗುಲ ಉಪ್ಪನ್ನೋ ಶುದ್ಧವಾದ ಮರಳನ್ನೋ ಹರಡಿ, ಮೇಲೊಂದು ಒತ್ತು ಇಟ್ಟು, ಮುಚ್ಚಿ, ಹತ್ತು ನಿಮಿಷ ಕಾಯಿಸಿ, ತಟ್ಟೆಯನ್ನು ಒಳಗಿಟ್ಟು ಸಣ್ಣ ಉರಿಯಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಬೇಯಿಸಿದರೆ ಸಾಕು. ತೆಗೆದಾಗ ಮೆತ್ತಗಿರುತ್ತವೆ, ಆರಿದ ಮೇಲೆ ಗಟ್ಟಿಯಾಗುತ್ತವೆ.

ಒಂದು ಎಚ್ಚರಿಕೆ ಅಗತ್ಯ. ಬೆಲ್ಲವೂ ಸಕ್ಕರೆಯ ಬಂಧುವೇ. ಮಧುಮೇಹವಿರುವ ಅಜ್ಜಿಗೆ ಮನೆಯ ಬಿಸ್ಕತ್ತೆಂದು ಧಾರಾಳ ಮಾಡಲಾಗದು. ಅವರಿಗೆ ಬೆಲ್ಲ ಬಿಟ್ಟು, ಜೀರಿಗೆ, ಮೆಣಸು, ಕರಿಬೇವು ಹಾಕಿದ ಖಾರದ ಬಿಲ್ಲೆಯನ್ನು, ಅದನ್ನೂ ಒಂದೆರಡನ್ನಷ್ಟೇ ಕೊಡುವುದು ಮೇಲು.

ತಿಂಗಳಿಗೆ ಉಳಿಯುವ ಕೆಲವು ನೂರು ರೂಪಾಯಿಗಳಿಂದ ಸಂಸಾರ ಉದ್ಧಾರವಾಗುವುದೆಂದು ಯಾರೂ ಹೇಳಲಾರರು. ಲಾಭ ಇರುವುದು ಬೇರೆಡೆ. ಭಾನುವಾರ ಸಂಜೆ ಮಗ ಬಿಲ್ಲೆ ತಟ್ಟುತ್ತಾನೆ. ಮಗಳು ಲೆಕ್ಕದ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಾಳೆ. ತಂದೆ ತಪ್ಪನ್ನು ಒಪ್ಪಿಕೊಂಡು ನಗುತ್ತಾನೆ. ಬಾಯಿಬಿಟ್ಟು ಆಡಿದ ಕಷ್ಟ ನಾಲ್ವರ ಹೆಗಲಿಗೆ ಹಂಚಿಹೋಗುತ್ತದೆ.

1907ರಲ್ಲಿ ಮುಗಿದ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಣ 89 ವರ್ಷ ಅದು ತುಂಬಿ ಹರಿಯಲಿಲ್ಲವೆಂದು ಹಿರಿಯೂರಿನವರು ಕಟ್ಟೆಯನ್ನು ಒಡೆದುಹಾಕಲಿಲ್ಲ. ಇದ್ದ ನೀರನ್ನು ಅಳೆದು ತೋಟಗಳಿಗೆ ಬಿಟ್ಟುಕೊಂಡರು. ಸಂಸಾರದ ಹೊಂಡವೂ ಕೋಡಿ ಬೀಳುವುದು ಅಪರೂಪ. ಕಟ್ಟೆ ಭದ್ರವಾಗಿದ್ದು, ನೀರೆಷ್ಟಿದೆಯೆಂಬುದು ಮನೆಯವರೆಲ್ಲರಿಗೂ ತಿಳಿದಿದ್ದರೆ, ಮಗಳು ಕಾಲೇಜು ಬಿಡಬೇಕಾಗುವುದಿಲ್ಲ.