ಬ್ಯಾಟರಿ ಡೌನ್ ಆಗಿದೆಯೋ, ಕೆಟ್ಟೇ ಹೋಗಿದೆಯೋ?

ಹದ ಮಳೆ ಬಿದ್ದ ಮಾರನೇ ದಿನವೇ ಟ್ರ್ಯಾಕ್ಟರ್ ಸೆಲ್ಫ್ ‘ಕಟ್ ಕಟ್’ ಅಂದು ನಿಂತರೆ ರಾಗಿ ಬಿತ್ತನೆ ಹಿಂದೆ ಬೀಳುತ್ತೆ. ನಮ್ಮ ನೆಲಮಂಗಲದ ಕೆಂಪು ನೆಲದಲ್ಲಿ ಹದ ಹೆಚ್ಚು ದಿನ ನಿಲ್ಲಲ್ಲ. ಆ ಅವಸರಕ್ಕೆ ಹೊಸ ಬ್ಯಾಟರಿಗೆ ದುಡ್ಡು ಸುರಿಯುವ ಮೊದಲು ಇಷ್ಟು ನೋಡಿ.

ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ವೈರು ಬಿಚ್ಚಿ, ಅಡುಗೆ ಸೋಡಾ ಕಲಸಿದ ಬಿಸಿನೀರಲ್ಲಿ ಉಜ್ಜಿ ತೊಳೆಯಿರಿ. ಆ ನೀರು ಬ್ಯಾಟರಿ ಒಳಗೆ ಇಳಿಯಬಾರದು. ಒರೆಸಿ ಬಿಗಿಮಾಡಿ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತೆ.

ಆಮೇಲೆ ಮೀಟರ್. ವೈರಿಂಗ್ ಕೆಲಸದವರ ಹತ್ತಿರ ಇರುತ್ತೆ. ರಾತ್ರಿಯೆಲ್ಲಾ ಸುಮ್ಮನಿದ್ದ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟ್ ತೋರಿಸಿದರೆ ಚಾರ್ಜ್ ತುಂಬಿದೆ. 12ಕ್ಕಿಂತ ಇಳಿದಿದ್ದರೆ ಡೌನ್. ಎಂಜಿನ್ ಓಡುವಾಗ 14ರ ಆಸುಪಾಸು ಬರಬೇಕು. ಬಾರದಿದ್ದರೆ ಡೈನಮೋ, ಬೆಲ್ಟ್ ನೋಡಿಸಿ. ಅದು ಸರಿಯಾಗದೆ ಹೊಸ ಬ್ಯಾಟರಿ ಹಾಕಿದರೂ ಅದೇ ಪಾಡು.

ಚಾರ್ಜ್ ಮಾಡಿಸಿ ಹೈಡ್ರೋಮೀಟರ್ ಹಿಡಿಸಿ. ಐದು ಸೆಲ್ 1250 ತೋರಿಸಿ, ಒಂದು ಮಾತ್ರ 1150ರಲ್ಲೇ ನಿಂತರೆ ಆ ಸೆಲ್ ಹೋಯ್ತು, ಬ್ಯಾಟರಿ ಬದಲಿಸಲೇಬೇಕು. ಸೀಲ್ ಬ್ಯಾಟರಿಯಾದರೆ ಚಾರ್ಜ್ ತುಂಬಿದ ಮೇಲೆ ಸೆಲ್ಫ್ ಹೊಡೆಯುತ್ತಾ ಮೀಟರ್ ನೋಡಿ, 9.6ಕ್ಕಿಂತ ಕೆಳಗೆ ಬೀಳಬಾರದು.

ಬದಲಿಸುವಾಗ ಅರ್ಥ್ ವೈರು ಮೊದಲು ಬಿಚ್ಚಿ, ಕೊನೆಗೆ ಹಾಕಿ. ಸ್ಪ್ಯಾನರ್ ತಗುಲಿ ಕಿಡಿ ಹಾರುವ ಭಯವಿರಲ್ಲ. ಬೀಡಿ ದೂರವಿರಲಿ. ಹಳೆಯದನ್ನು ಮನೆಯಲ್ಲಿ ಒಡೆಯಬೇಡಿ, ಸೀಸ ವಿಷ. ಅಂಗಡಿಗೇ ಕೊಟ್ಟು ಬೆಲೆಯಲ್ಲಿ ಮುರಿಸಿಕೊಳ್ಳಿ.

ಬೇಸಿಗೆಯಲ್ಲಿ ಕೆಲಸವಿಲ್ಲದಿದ್ದರೂ ಹದಿನೈದು ದಿನಕ್ಕೊಮ್ಮೆ ಟ್ರ್ಯಾಕ್ಟರ್ ಓಡಿಸಿ. ಪ್ಲೇಟ್ ಮುಳುಗುವಷ್ಟು ಡಿಸ್ಟಿಲ್ಡ್ ವಾಟರ್ ಇರಲಿ. ಬೋರ್ ನೀರು ಬೇಡ.