ಕಡಲಾಚೆಯ ಜಮಾಅತ್ ಮತ್ತು ತವರಿನ ಹೊಣೆ

ಹಿಜ್‌ರಾ ಏಳನೇ ವರ್ಷ. ಖೈಬರ್ ಜಯವಾದ ದಿನಗಳಲ್ಲೇ ಅಬಿಸೀನಿಯಾದಿಂದ ಹಡಗೇರಿ ಹೊರಟಿದ್ದ ಮುಸ್ಲಿಮರು ಪ್ರವಾದಿವರ್ಯರ(ಸ) ಸನ್ನಿಧಿಗೆ ಬಂದು ಸೇರಿದರು. ಮಕ್ಕಾದ ಹಿಂಸೆ ತಾಳಲಾರದೆ ಅವರಲ್ಲಿ ಹಲವರು ಊರು ಬಿಟ್ಟು ಹತ್ತು ವರ್ಷಗಳೇ ಕಳೆದಿದ್ದವು. ಹಝ್ರತ್ ಜಅ್‌ಫರ್‌(ರ)ರ ಪತ್ನಿ ಅಸ್ಮಾ ಬಿಂತ್ ಉಮೈಸ್(ರ) ಅವರಲ್ಲೊಬ್ಬರು. ಒಮ್ಮೆ ಅವರು ಹಫ್ಸಾ(ರ)ರ ಮನೆಯಲ್ಲಿದ್ದಾಗ ಹಝ್ರತ್ ಉಮರ್(ರ) ಅಲ್ಲಿಗೆ ಬಂದರು. ಮದೀನಾಕ್ಕೆ ಹಿಜ್‌ರತ್ ಮಾಡಿದ್ದರಲ್ಲಿ ನಾವು ನಿಮಗಿಂತ ಮುಂದಿದ್ದೇವೆ, ಪ್ರವಾದಿವರ್ಯರ(ಸ) ಮೇಲೆ ನಮಗೇ ಹೆಚ್ಚು ಹಕ್ಕು ಎಂಬರ್ಥದ ಮಾತನ್ನಾಡಿದರು. ಅಸ್ಮಾ(ರ)ರಿಗೆ ಸಿಟ್ಟು ಬಂತು. ನೀವು ಪ್ರವಾದಿಯವರ ಜೊತೆಗಿದ್ದಿರಿ, ನಿಮ್ಮಲ್ಲಿ ಹಸಿದವರಿಗೆ ಅವರು ಉಣಿಸುತ್ತಿದ್ದರು, ತಿಳಿಯದವರಿಗೆ ತಿಳಿಸುತ್ತಿದ್ದರು. ನಾವಾದರೋ ದೂರದ ಪರದೇಶದಲ್ಲಿ ಭಯದಲ್ಲಿ ಬದುಕಿದೆವು ಎಂದು ಉತ್ತರಿಸಿದರು. ಅಲ್ಲಿಗೇ ಬಿಡದೆ ಪ್ರವಾದಿವರ್ಯರ(ಸ) ಬಳಿಗೇ ವಿಷಯ ಒಯ್ದರು. ಅವರ ತೀರ್ಪು ಹೀಗಿತ್ತು: ಉಮರ್ ಮತ್ತು ಅವರ ಸಂಗಡಿಗರಿಗೆ ಒಂದು ಹಿಜ್‌ರತ್, ಹಡಗಿನಲ್ಲಿ ಬಂದ ನಿಮಗೆ ಎರಡು ಹಿಜ್‌ರತ್. ಬುಖಾರಿಯಲ್ಲಿ ಬಂದಿರುವ ಈ ವರದಿಯನ್ನು ಕೇಳಲು ಹಡಗಿನವರು ಗುಂಪುಗುಂಪಾಗಿ ಅಸ್ಮಾ(ರ)ರ ಬಳಿ ಬರುತ್ತಿದ್ದರಂತೆ.

ಇಂದು ಸಂಪಾದನೆಗಾಗಿ ಗಲ್ಫ್‌ಗೆ ಹೋದವರನ್ನು ಆ ಸಹಾಬಿಗಳೊಂದಿಗೆ ಸಮ ಮಾಡುವುದು ಇಲ್ಲಿನ ಉದ್ದೇಶವಲ್ಲ. ಆದರೆ ಊರಲ್ಲಿ ಉಳಿದವರು ಮತ್ತು ಊರು ಬಿಟ್ಟವರ ನಡುವಿನ ಸಂಬಂಧಕ್ಕೆ ಈ ಘಟನೆಯಲ್ಲಿ ದೊಡ್ಡ ಪಾಠವಿದೆ. ಹೊರಗಿದ್ದವರ ಕಷ್ಟ ಒಳಗಿದ್ದವರಿಗೆ ಸುಲಭವಾಗಿ ಕಾಣುವುದಿಲ್ಲ. ಯಾರಿಗೆ ಹೆಚ್ಚು ಹಕ್ಕು ಎಂಬ ಪ್ರಶ್ನೆ ಎದ್ದಾಗ ದೂರವಿದ್ದವರ ಗೌರವವನ್ನು ಪ್ರವಾದಿವರ್ಯರು(ಸ) ಕಾಪಾಡಿದರು. ಇದನ್ನು ನೆನಪಿನಲ್ಲಿಟ್ಟುಕೊಂಡು ನಮ್ಮ ಕರಾವಳಿಯ ಒಂದು ಸಮುದಾಯದ ಕಡಲಾಚೆಯ ಜಮಾಅತ್‌ಗಳನ್ನು ನೋಡೋಣ.

ತೈಲಕ್ಕಿಂತ ಹಳೆಯ ಸಂಸ್ಥೆಗಳು

ಉತ್ತರ ಕನ್ನಡದ ಭಟ್ಕಳ ವಿಜಯನಗರದ ಕಾಲದಲ್ಲಿ ಕುದುರೆಗಳು ಬಂದಿಳಿಯುತ್ತಿದ್ದ ಬಂದರು. ಇಲ್ಲಿನ ನವಾಯತ್ ಮುಸ್ಲಿಮರು ಶಾಫಿಈ ಮದ್‌ಹಬಿನವರು. ಅವರ ಮನೆಮಾತು ನವಾಯತಿ ಕೊಂಕಣಿಯ ಒಂದು ಬಗೆ; ಬರೆಯುವುದು ಅರಬಿ-ಫಾರ್ಸಿ ಲಿಪಿಯಲ್ಲಿ. ಭಟ್ಕಳದ ಉತ್ತರಕ್ಕಿರುವ ಹೊನ್ನಾವರಕ್ಕೆ 14ನೇ ಶತಮಾನದಲ್ಲಿ ಬಂದಿದ್ದ ಪ್ರವಾಸಿ ಇಬ್ನ್ ಬತೂತ, ಅಲ್ಲಿ ಗಂಡುಮಕ್ಕಳ 23 ಮತ್ತು ಹೆಣ್ಣುಮಕ್ಕಳ 13 ಪಾಠಶಾಲೆಗಳನ್ನು ಕಂಡುದಾಗಿ ಬರೆದಿದ್ದಾನೆ. ವ್ಯಾಪಾರ ಮತ್ತು ವಿದ್ಯೆ ಈ ಕರಾವಳಿಯಲ್ಲಿ ಬಹಳ ಹಿಂದಿನಿಂದಲೂ ಜೊತೆಯಾಗಿದ್ದವು.

ವ್ಯಾಪಾರಕ್ಕಾಗಿ ಊರು ಬಿಡುವುದೂ ಭಟ್ಕಳದವರಿಗೆ ಹೊಸತಲ್ಲ. ಗಲ್ಫ್‌ಗಿಂತ ಮೊದಲು ಮುಂಬೈ, ಚೆನ್ನೈ, ಕೋಝಿಕ್ಕೋಡ್‌ಗಳಲ್ಲಿ ಅವರ ಅಂಗಡಿಗಳಿದ್ದವು. ಹೋದಲ್ಲೆಲ್ಲ ಒಂದು ಜಮಾಅತ್ ಕಟ್ಟಿಕೊಳ್ಳುವ ರೂಢಿ ಬೆಳೆಯಿತು. 1973ರ ನಂತರ ತೈಲದ ಬೆಲೆ ಏರಿ ಗಲ್ಫ್‌ನ ಬಾಗಿಲು ತೆರೆದಾಗ ಈ ರೂಢಿಯೇ ದುಬೈ, ಅಬುಧಾಬಿ, ಜಿದ್ದಾ, ರಿಯಾದ್, ದಮ್ಮಾಮ್, ಕುವೈತ್, ಕತರ್, ಬಹ್ರೈನ್, ಮಸ್ಕತ್‌ಗಳಿಗೂ ಹೋಯಿತು. ಈ ಗಲ್ಫ್ ಜಮಾಅತ್‌ಗಳ ಒಕ್ಕೂಟವೇ ಭಟ್ಕಳ ಮುಸ್ಲಿಂ ಖಲೀಜ್ ಕೌನ್ಸಿಲ್. ಊರಿನಲ್ಲಿ ಅದರ ಕೊಂಡಿಯಾಗಿ ರಾಬಿತಾ ಸೊಸೈಟಿ ಇದೆ.

ಇಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. ಊರಿನ ಮಾತೃಸಂಸ್ಥೆಯಾದ ಮಜ್ಲಿಸೆ ಇಸ್ಲಾಹ್ ವ ತಂಝೀಮ್ 1912ರಲ್ಲಿ ಆರಂಭವಾಯಿತು. ಅಂಜುಮನ್ ಹಾಮಿಯೆ ಮುಸ್ಲಿಮೀನ್ 1919ರಲ್ಲಿ, ಜಾಮಿಯಾ ಇಸ್ಲಾಮಿಯಾ 1962ರಲ್ಲಿ ಹುಟ್ಟಿದವು. ಮೂರೂ ತೈಲದ ಹಣ ಬರುವ ಮೊದಲೇ ನಿಂತ ಸಂಸ್ಥೆಗಳು. ಗಲ್ಫ್‌ನ ಗಳಿಕೆ ಅವುಗಳನ್ನು ಬೆಳೆಸಿತು, ನಿಜ. ಅಂಜುಮನ್ 1980ರಲ್ಲಿ ಇಂಜಿನಿಯರಿಂಗ್ ಕಾಲೇಜನ್ನೂ ತೆರೆಯಿತು. ಆದರೆ ಅವುಗಳನ್ನು ಹುಟ್ಟಿಸಿದ್ದು ಹಣವಲ್ಲ, ಜನರ ಒಗ್ಗಟ್ಟು. ಗಲ್ಫ್‌ನ ಗಳಿಕೆ ಒಂದು ದಿನ ಕಡಿಮೆಯಾದರೆ ನಮ್ಮ ಗತಿಯೇನು ಎಂದು ಚಿಂತಿಸುವವರು ಇದನ್ನು ಮರೆಯಬಾರದು.

ಜಮಾಅತ್ ಯಾಕೆ ಬೇಕಾಯಿತು?

ಪರದೇಶದ ಜಮಾಅತ್ ಎಂದರೆ ವರ್ಷಕ್ಕೊಂದು ಈದ್ ಮಿಲನ್, ಒಂದು ಕ್ರಿಕೆಟ್ ಪಂದ್ಯಾವಳಿ ಎಂದುಕೊಳ್ಳುವವರಿದ್ದಾರೆ. ಅದರ ನಿಜವಾದ ಬೆಲೆ ತಿಳಿಯುವುದು ಮರಣದ ದಿನ. ಕೋಣೆಯಲ್ಲಿ ಮಲಗಿದ ಯುವಕ ಬೆಳಿಗ್ಗೆ ಏಳಲಿಲ್ಲ ಎಂದಿಟ್ಟುಕೊಳ್ಳಿ. ಮೊದಲು ಪೊಲೀಸರ ವರದಿ, ಆಸ್ಪತ್ರೆಯ ಕಾಗದ, ಮರಣ ಪ್ರಮಾಣಪತ್ರ ಆಗಬೇಕು. ವೀಸಾ ರದ್ದಾಗಬೇಕು. ಭಾರತೀಯ ದೂತಾವಾಸದಲ್ಲಿ ಪಾಸ್‌ಪೋರ್ಟ್ ರದ್ದು ಮಾಡಿಸಿ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಮಯ್ಯಿತನ್ನು ಊರಿಗೆ ಕಳುಹಿಸುವುದಾದರೆ ಎಂಬಾಮಿಂಗ್ ಮಾಡಿಸಿ ವಿಮಾನದ ಕಾರ್ಗೋದಲ್ಲಿ ಜಾಗ ಹಿಡಿಯಬೇಕು. ಅಲ್ಲೇ ದಫನ್ ಮಾಡುವುದಾದರೆ ಮನೆಯವರ ಒಪ್ಪಿಗೆ ಪತ್ರ ತರಿಸಬೇಕು. ಅರಬಿ ಬಾರದ, ಕೆಲಸಕ್ಕೆ ರಜೆಯೂ ಸಿಗದ ಜೊತೆಗಾರ ಒಬ್ಬನೇ ಇದನ್ನೆಲ್ಲ ಮಾಡಲಾರ. ಜಮಾಅತ್‌ನ ನಾಲ್ಕು ಮಂದಿ ಫೈಲು ಹಿಡಿದು ಕಚೇರಿಯಿಂದ ಕಚೇರಿಗೆ ಓಡುತ್ತಾರೆ. ತೀರಿಹೋದಲ್ಲೇ ಬೇಗ ದಫನ್ ಮಾಡುವುದೇ ಉತ್ತಮವೆಂದು ಊರಿನ ತಾಯಿಗೆ ಮೆಲ್ಲಗೆ ತಿಳಿಹೇಳುವವರೂ ಅವರೇ.

ಎರಡನೆಯ ಸಾಧನೆ ವಿದ್ಯೆಯದು. ಊರಿನ ಶಾಲೆ, ಕಾಲೇಜು, ಮದ್ರಸಗಳಿಗೆ ನೆರವು ಕೊಡುವುದರ ಜೊತೆಗೆ, ಚೆನ್ನಾಗಿ ಓದಿದ ಮಕ್ಕಳನ್ನು ಊರಿನ ಮುಂದೆ ನಿಲ್ಲಿಸಿ ಗೌರವಿಸುವ ರಾಬಿತಾ ಪ್ರಶಸ್ತಿಗಳು ಮನೆಮನೆಗಳಲ್ಲಿ ಓದಿನ ಹಂಬಲ ಬೆಳೆಸಿವೆ. ಎಸೆಸೆಲ್ಸಿ ಮುಗಿದೊಡನೆ ವೀಸಾ ಹುಡುಕುವುದೇ ಕ್ರಮವೆಂಬ ಮನೋಭಾವಕ್ಕೆ ಇಂಥ ಪ್ರೋತ್ಸಾಹವೇ ಸರಿಯಾದ ಉತ್ತರ.

ಮೂರನೆಯದು ಕೊರೋನ ಕಾಲದ ಸೇವೆ. ವಂದೇ ಭಾರತ್ ವಿಮಾನಗಳು 2020ರ ಮೇ 7ರಂದು ಶುರುವಾದರೂ ಮಂಗಳೂರಿಗೆ ದುಬೈಯಿಂದ ಮೊದಲ ವಿಮಾನ ಬಂದದ್ದು ಮೇ 12ರಂದು. ಕೆಲಸ ಹೋದವರು, ಗರ್ಭಿಣಿಯರು, ರೋಗಿಗಳು ಸಾಲುಗಟ್ಟಿದ್ದರು, ಸೀಟುಗಳು ಸಾಲಲಿಲ್ಲ. ಆಗ ಕರಾವಳಿಯ ಅನಿವಾಸಿ ಸಂಘಟನೆಗಳೂ ಉದ್ಯಮಿಗಳೂ ಚಾರ್ಟರ್ ವಿಮಾನಗಳನ್ನು ಗೊತ್ತುಮಾಡಿದರು. ಕೋಣೆಗಳಲ್ಲಿ ಸಿಕ್ಕಿಬಿದ್ದವರಿಗೆ ರೇಷನ್ ಕಿಟ್ ಮುಟ್ಟಿಸಿದರು.

ಎದುರಿಗಿರುವ ಸವಾಲುಗಳು

ಮೊದಲ ಸವಾಲು ಕಾನೂನಿನದು. ಯುಎಇಯಲ್ಲಿ 2021ರ ಕಾನೂನಿನಂತೆ ಪರವಾನಗಿ ಇಲ್ಲದೆ ಸಾರ್ವಜನಿಕವಾಗಿ ದೇಣಿಗೆ ಸಂಗ್ರಹಿಸುವುದು ಅಪರಾಧ. ವಾಟ್ಸ್ಯಾಪ್‌ನಲ್ಲಿ ರೋಗಿಯ ಚಿತ್ರ ಹಾಕಿ ಹಣ ಕೇಳುವುದೂ ತೊಂದರೆಗೆ ಸಿಲುಕಿಸಬಹುದು. ಇನ್ನು ಹುಂಡಿ ಮೂಲಕ ಹಣ ಕಳುಹಿಸುವುದು ನಮ್ಮ ದೇಶದ ಕಾನೂನಿಗೆ ವಿರುದ್ಧ. ಒಳ್ಳೆಯ ಕೆಲಸಕ್ಕೆಂದು ಕೊಟ್ಟ ಹಣವೂ ಅಡ್ಡದಾರಿಯಲ್ಲಿ ಬಂದರೆ ಪಡೆದ ಸಂಸ್ಥೆ ಸಂಶಯಕ್ಕೆ ಒಳಗಾಗುತ್ತದೆ. ಸರಿಯಾದ ದಾರಿ ಕಷ್ಟದ್ದೇನಲ್ಲ. ಭಾರತೀಯ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಊರಿನ ನೋಂದಾಯಿತ ಸಂಸ್ಥೆಗೆ ನೀಡುವ ದಾನವನ್ನು ಎಫ್‌ಸಿಆರ್‌ಎ ಕಾನೂನು ವಿದೇಶಿ ದೇಣಿಗೆ ಎಂದು ಪರಿಗಣಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರಿಗೆ ಈ ಸೌಲಭ್ಯವಿಲ್ಲ. ಝಕಾತ್ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಬೇಕು. ಸಂಪತ್ತಿರುವ ಊರಿನಿಂದ ಝಕಾತನ್ನು ಬೇರೆಡೆಗೆ ಸಾಗಿಸುವ ಬಗ್ಗೆ ಶಾಫಿಈ ಮದ್‌ಹಬಿನಲ್ಲಿ ಬಿಗಿಯಾದ ಅಭಿಪ್ರಾಯವಿದೆ. ಅಗತ್ಯ ನೋಡಿ ಅನುಮತಿಸಿದ ವಿದ್ವಾಂಸರೂ ಇದ್ದಾರೆ. ಉಲಮಾಗಳನ್ನು ಕೇಳಿಯೇ ಮುಂದುವರಿಯಬೇಕು.

ಎರಡನೆಯದು ಖರ್ಚು. ಸೌದಿಯಲ್ಲಿ 2017ರ ಜುಲೈಯಿಂದ ಕುಟುಂಬದ ಪ್ರತಿ ಅವಲಂಬಿತರಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು. ವರ್ಷವರ್ಷ ಏರಿ 2020ಕ್ಕೆ ಅದು 400 ರಿಯಾಲ್ ಆಯಿತು. ಹೆಂಡತಿ ಮತ್ತು ಮೂವರು ಮಕ್ಕಳಿದ್ದರೆ ವರ್ಷಕ್ಕೆ 19,200 ರಿಯಾಲ್. ಸಾಧಾರಣ ಸಂಬಳದವರು ಕುಟುಂಬವನ್ನು ಊರಿಗೆ ಕಳುಹಿಸಿ ಮತ್ತೆ ಬ್ಯಾಚುಲರ್ ಕೋಣೆ ಸೇರಬೇಕಾಯಿತು. ಮಕ್ಕಳ ಶಾಲೆ, ವೃದ್ಧ ತಂದೆತಾಯಿಯ ಔಷಧಿ, ಮನೆಯ ವ್ಯವಹಾರ ಎಲ್ಲವೂ ಊರಿನ ಹೆಣ್ಣುಮಕ್ಕಳ ಹೆಗಲಿಗೆ ಬಿತ್ತು. ಅನಿವಾಸಿಯ ತ್ಯಾಗದ ಬಗ್ಗೆ ಮಾತಾಡುವಾಗ ಈ ಹೆಣ್ಣುಮಕ್ಕಳ ತ್ಯಾಗವನ್ನೂ ಎಣಿಸಬೇಕು.

ಮೂರನೆಯದು ಮಕ್ಕಳದು. ಗಲ್ಫ್‌ನಲ್ಲಿ ಹುಟ್ಟಿ ಬೆಳೆದ ಮಗುವಿಗೆ ಇಂಗ್ಲಿಷ್ ಬರುತ್ತದೆ, ನವಾಯತಿ ಅರ್ಧಂಬರ್ಧ, ಕನ್ನಡ ಓದಲು ಬರುವುದೇ ಅಪರೂಪ. ಎಷ್ಟು ವರ್ಷ ಇದ್ದರೂ ಅಲ್ಲಿನ ಪೌರತ್ವ ಸಿಗುವ ಭರವಸೆ ಇಲ್ಲದಿರುವಾಗ, ಮರಳಿ ಬರಬೇಕಾದ ಊರಿನ ಭಾಷೆಯೇ ಬಾರದಿದ್ದರೆ ಆ ಮಗು ಎಲ್ಲಿಯದು? ತಾಲೂಕು ಕಚೇರಿಯ ಅರ್ಜಿ, ಪಹಣಿ ಪತ್ರ, ನೆರೆಮನೆಯವರ ಸುಖದುಃಖ ಎಲ್ಲವೂ ಕನ್ನಡದಲ್ಲಿವೆ.

ಮರಳಿ ಬಂದವನ ಪ್ರಶ್ನೆ

ಎಲ್ಲಕ್ಕಿಂತ ಕಠಿಣ ಸವಾಲು ಮರಳಿ ಬಂದವನದು. ಇಪ್ಪತ್ತೈದು ವರ್ಷ ದುಡಿದು ಐವತ್ತರ ವಯಸ್ಸಿಗೆ ಇಖಾಮಾ ಮುಗಿಸಿ ಬಂದವನಿಗೆ ಪಿಂಚಣಿ ಇಲ್ಲ. ಉಳಿತಾಯ ಮನೆ ಕಟ್ಟುವುದರಲ್ಲಿ, ತಂಗಿಯರ ಮತ್ತು ಮಕ್ಕಳ ಮದುವೆಯಲ್ಲಿ ಮುಗಿದಿರುತ್ತದೆ. ಬಿಪಿ, ಶುಗರ್ ಜೊತೆಗೆ ಬಂದಿರುತ್ತವೆ. ರಜೆಯಲ್ಲಿ ಬಂದಾಗ ಏರ್‌ಪೋರ್ಟ್‌ಗೆ ಮೂರು ಕಾರು ಬರುತ್ತಿದ್ದವು. ಕೊನೆಯ ಸಲ ಬಂದಾಗ ಎರಡನೇ ವಾರದಿಂದಲೇ, ಮತ್ತೆ ಯಾವಾಗ ಹೊರಡುವುದು ಎಂಬ ಪ್ರಶ್ನೆ. ಮಸೀದಿಯ ಕಟ್ಟಡಕ್ಕೆ ಹತ್ತು ಸಲ ಕೊಟ್ಟವನು ಈಗ ಕೈ ಖಾಲಿ ಎಂದು ಸಭೆಗೆ ಬರಲು ನಾಚುತ್ತಾನೆ.

ಇದು ಭಟ್ಕಳದ ಮಾತು ಮಾತ್ರವಲ್ಲ. ಉಡುಪಿ, ಮಂಗಳೂರಿನ ಬ್ಯಾರಿ ಕುಟುಂಬಗಳಿಗೂ ಇದು ಗೊತ್ತಿರುವ ಕತೆಯೇ. ಕಡಲಾಚೆಯ ಜಮಾಅತ್ ಐವತ್ತು ವರ್ಷ ಊರನ್ನು ನೋಡಿಕೊಂಡಿತು. ಮರಳಿ ಬಂದ ಸದಸ್ಯನನ್ನು ಊರಿನ ಜಮಾಅತ್ ನೋಡಿಕೊಳ್ಳುತ್ತಿದೆಯೇ? ಸಂಬಂಧ ಎಂದರೆ ಎರಡು ಕಡೆಯದು. ಒಂದು ಕಡೆಯಿಂದ ಹಣ ಮಾತ್ರ ಬಂದು ಇನ್ನೊಂದು ಕಡೆಯಿಂದ ರಸೀದಿ ಮಾತ್ರ ಹೋಗುವುದಾದರೆ ಅದನ್ನು ಸಂಬಂಧ ಎನ್ನಲಾಗದು.

ಏನು ಮಾಡಬಹುದು?

ಹತ್ತನೇ ತರಗತಿ ಮುಗಿಸದೆ ಇಸಿಆರ್ ಪಾಸ್‌ಪೋರ್ಟ್‌ನಲ್ಲಿ ಗಲ್ಫ್‌ಗೆ ಹೊರಡುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ, ತೆರಿಗೆ ಬೇರೆ. ಅಪಘಾತದಲ್ಲಿ ಮರಣ ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷ ರೂಪಾಯಿ. ಅವಧಿ ಮುಗಿದ ಮೇಲೆ ನವೀಕರಿಸಲು ಹಲವರು ಮರೆಯುತ್ತಾರೆ, ಪಾಲಿಸಿ ಎಲ್ಲಿದೆಯೆಂದು ಮನೆಯವರಿಗೇ ಗೊತ್ತಿರುವುದಿಲ್ಲ. ಹಾಗೆಯೇ ಸಂಕಷ್ಟದಲ್ಲಿರುವ ಭಾರತೀಯರಿಗಾಗಿ ದೂತಾವಾಸಗಳಲ್ಲಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಗತಿಯಿಲ್ಲದವರ ಮಯ್ಯಿತ್ ಸಾಗಿಸಲೂ ಅದರಿಂದ ನೆರವು ಕೇಳಬಹುದು. ಇವನ್ನು ಜುಮಾದ ನಂತರ ಐದು ನಿಮಿಷ ವಿವರಿಸಲು ಯಾವ ಖರ್ಚೂ ಇಲ್ಲ.

ಊರಿನ ಪ್ರತಿ ಜಮಾಅತ್‌ನಲ್ಲಿ ಮರಳಿ ಬಂದವರ ಒಂದು ಪಟ್ಟಿ ಇರಲಿ. ಅವರಲ್ಲಿ ಇಲೆಕ್ಟ್ರಿಷಿಯನ್, ಲೆಕ್ಕಿಗ, ಸ್ಟೋರ್ ಮ್ಯಾನೇಜರ್, ಎಸಿ ರಿಪೇರಿಯವರು ಎಲ್ಲರೂ ಇದ್ದಾರೆ. ನಮ್ಮ ಶಾಲೆ, ಆಸ್ಪತ್ರೆ, ಅಂಗಡಿಗಳಿಗೆ ಆಳು ಹುಡುಕುವಾಗ ಮೊದಲು ಆ ಪಟ್ಟಿ ನೋಡಲಿ. ಸಂಸ್ಥೆಗಳ ಸಮಿತಿಯಲ್ಲಿ, ಲೆಕ್ಕಪತ್ರ ಓದುವ ಸಭೆಯಲ್ಲಿ ಅನಿವಾಸಿಗಳಿಗೆ ಮಾತನಾಡಲು ಅವಕಾಶವಿರಲಿ. ಅನಿವಾಸಿಗಳೂ ಹಣ ಕೊಟ್ಟವರೆಂಬ ಕಾರಣಕ್ಕೆ ಊರಿನವರ ಮಾತನ್ನು ತಳ್ಳಿಹಾಕದಿರಲಿ. ರಜೆಯಲ್ಲಿ ಬಂದ ಮಕ್ಕಳಿಗೆ ಮದ್ರಸದಲ್ಲಿ ಒಂದು ತಿಂಗಳ ಕನ್ನಡ ತರಗತಿ ನಡೆಯಲಿ. ಮತದಾನದ ಹಕ್ಕನ್ನೂ ಕೈಬಿಡಬಾರದು. ಬೇರೆ ಪೌರತ್ವ ಪಡೆಯದ ಅನಿವಾಸಿ 6ಎ ನಮೂನೆ ತುಂಬಿ ಪಟ್ಟಿಗೆ ಸೇರಬಹುದು. ಆದರೆ ಮತ ಹಾಕಲು ಪಾಸ್‌ಪೋರ್ಟ್ ಹಿಡಿದು ಖುದ್ದಾಗಿ ಮತಗಟ್ಟೆಗೇ ಬರಬೇಕು.

ಮದೀನಾಕ್ಕೆ ಬರಿಗೈಯಲ್ಲಿ ಬಂದ ಅಬ್ದುರ್ರಹ್ಮಾನ್ ಬಿನ್ ಔಫ್‌(ರ)ರಿಗೆ ಅನ್ಸಾರಿ ಸಹೋದರ ಸಅ್‌ದ್ ಬಿನ್ ರಬೀಅ್(ರ) ತಮ್ಮ ಸಂಪತ್ತಿನಲ್ಲಿ ಅರ್ಧ ಕೊಡಲು ಮುಂದಾದರು. ಅವರು ಅದಕ್ಕಾಗಿ ದುಆ ಮಾಡಿ, ಮಾರುಕಟ್ಟೆಯ ದಾರಿ ತೋರಿಸಿದರೆ ಸಾಕು ಎಂದರು. ತುಪ್ಪ ಮತ್ತು ಒಣಗಿಸಿದ ಮೊಸರಿನ ವ್ಯಾಪಾರದಿಂದ ಶುರುಮಾಡಿ ಸ್ವಂತ ಕಾಲ ಮೇಲೆ ನಿಂತರು. ಕೊಡುವವರಲ್ಲಿ ಆ ಉದಾರತೆ, ಪಡೆಯುವವರಲ್ಲಿ ಆ ಸ್ವಾಭಿಮಾನ, ಇವೆರಡೂ ಸೇರಿದ್ದರಿಂದಲೇ ಮದೀನಾ ಒಂದು ಸಮಾಜವಾಯಿತು. ಮರಳಿ ಬರುವ ನಮ್ಮ ಸಹೋದರರು ಕೇಳುವುದೂ ಅಷ್ಟೇ: ಒಂದು ಸಲಾಮ್, ಸಾಲಿನಲ್ಲಿ ಒಂದು ಜಾಗ, ಮಾರುಕಟ್ಟೆಯ ದಾರಿ. ಅದನ್ನು ಕೊಡುವ ಅನ್ಸಾರಿಗಳಾಗಲು ಅಲ್ಲಾಹನು ನಮಗೆಲ್ಲ ತೌಫೀಕ್ ಕರುಣಿಸಲಿ. ಆಮೀನ್.