ಮಹಡಿಯ ಕುಂಡದಲ್ಲಿ ಬದನೆ ಬೆಳೆಯಲಿ

ಸದಸ್ಯ ಬಾಂಧವರಲ್ಲಿ ಹಲವರು ಮಕ್ಕಳ ಓದಿಗೆಂದು ಮೈಸೂರಿನಲ್ಲಿ ಮನೆ ಮಾಡಿದ್ದಾರೆ. ಆ ಮನೆಯ ಮಹಡಿಯ ಮೇಲೆ ಏನು ಬೆಳೆಯುತ್ತಿದೆಯೆಂದು ಒಮ್ಮೆ ನೋಡಿ ಬರುವುದು ಒಳ್ಳೆಯದು.

ಜರ್ಮನಿಯಲ್ಲಿ 2024ರ ಏಪ್ರಿಲ್‌ನಿಂದ ವಯಸ್ಕರು ಮನೆಯಲ್ಲಿ ಮೂರು ಗಾಂಜಾ ಗಿಡ ಬೆಳೆಸಬಹುದು. ನಮ್ಮಲ್ಲಿ ಹಾಗಲ್ಲ. 1985ರ ಮಾದಕ ವಸ್ತು ಕಾಯಿದೆಯ 20ನೇ ಕಲಮಿನಂತೆ ಒಂದೇ ಗಿಡ ಬೆಳೆಸಿದರೂ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ತನ್ನ ಜಮೀನಿನಲ್ಲಿ ಗಿಡವಿರುವುದು ಗೊತ್ತಿದ್ದೂ ತಿಳಿಸದ ಹಿಡುವಳಿದಾರನೂ 46ನೇ ಕಲಮಿನಂತೆ ಶಿಕ್ಷಾರ್ಹ. ತೋಟದವರಾದ ನಾವು ಇದನ್ನು ಮರೆಯಬಾರದು.

ಆದರೆ ಗಿಡ ಸಾಕುವ ಆಸೆಯಲ್ಲಿ ತಪ್ಪಿಲ್ಲ. ನೀರು ಬಸಿಯುವ ಮಣ್ಣು, ಆರು ಗಂಟೆ ಬಿಸಿಲು, ಎಲೆಯಡಿಯ ನುಸಿ ಕಾಣುವ ಕಣ್ಣು, ಹೂ ಬಿಡುವವರೆಗಿನ ತಾಳ್ಮೆ, ಗಾಂಜಾಕ್ಕೆ ಬೇಕಾದ ಇವೇ ಬದನೆ, ಟೊಮೇಟೊಗಳಿಗೂ ಬೇಕು. ಕುತೂಹಲಕ್ಕೆ ಕುಂಡ ತಂದಿಟ್ಟ ಹುಡುಗನನ್ನು ಬರಿದೆ ಗದರಿಸುವುದಕ್ಕಿಂತ, ನಗರದ ವೀರನಗೆರೆಯ ಹೆಸರು ಹೊತ್ತ ಈರಂಗೆರೆ ಬದನೆಯ ಸಸಿ ಅವನ ಕೈಗೆ ಕೊಡೋಣ. ಕೆಮ್ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಸಮಭಾಗ, ತಳಕ್ಕೆ ತೂತು, ನುಸಿಗೆ ಬೇವಿನೆಣ್ಣೆ. ನಾಟಿಯಾದ ಎರಡು, ಎರಡೂವರೆ ತಿಂಗಳಲ್ಲಿ ಕಾಯಿ ಕೊಯ್ಯಬಹುದು. ಬೆಳೆದದ್ದನ್ನು ಬಚ್ಚಿಡಬೇಕಾಗಿಲ್ಲ, ನೆರೆಮನೆಗೂ ನಾಲ್ಕು ಕಾಯಿ ಕೊಡಬಹುದು.